ಅಟ್ಲಾಂಟಿಕ್‌ನ ಅಕ್ರಮ ಗುಲಾಮ ಸಾಗಣೆ

ಆಫ್ರಿಕದ ಜನರನ್ನು ಹಡಗಿಗೆ ತುಂಬಿ ಅಮೆರಿಕ ಖಂಡಗಳಲ್ಲಿ ಮಾರುವುದು ಅಪರಾಧವೆಂದು ಕಾನೂನು ಸಾರಿದ ಮೇಲೂ ಸುಮಾರು ಅರವತ್ತು ವರ್ಷ ನಡೆದ ಕಳ್ಳಸಾಗಣೆ. ಹದಿನಾರನೆಯ ಶತಮಾನದ ಆರಂಭದಿಂದ 1867ರವರೆಗೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಅಟ್ಲಾಂಟಿಕ್ ಹಡಗುಗಳಿಗೆ ಹತ್ತಿಸಲಾಯಿತೆಂದೂ ಅವರಲ್ಲಿ ಸುಮಾರು 1.07 ಕೋಟಿ ಜನ ಮಾತ್ರ ಜೀವಸಹಿತ ಆಚೆ ದಡ ಸೇರಿದರೆಂದೂ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಆ 1.25 ಕೋಟಿಯಲ್ಲಿ ಸುಮಾರು ಕಾಲು ಭಾಗದಷ್ಟು ಜನ ಹಡಗು ಹತ್ತಿದ್ದು 1807ರ ನಂತರ. ಬ್ರಿಟನ್ನಿನ ನಿಷೇಧದೊಂದಿಗೆ ಈ ವ್ಯಾಪಾರ ಮುಗಿಯಿತು ಎಂಬ ಸಾಮಾನ್ಯ ತಿಳಿವಳಿಕೆ ಇವರೆಲ್ಲರನ್ನೂ ಮರೆಸಿಬಿಡುತ್ತದೆ. ಅಪರಾಧವಾದ್ದರಿಂದ ಸಾಗಣೆದಾರರು ಸಾಕ್ಷ್ಯವನ್ನು ಅಳಿಸುತ್ತ ಹೋದರು. ಹಡಗು ಸುಟ್ಟರು, ದಾಖಲೆ ತಿದ್ದಿದರು, ಜನರನ್ನು ರಾತ್ರೋರಾತ್ರಿ ನಿರ್ಜನ ಕಡಲತೀರಗಳಲ್ಲಿ ಇಳಿಸಿದರು. ಹೀಗಾಗಿ ಈ ಬಲಿಪಶುಗಳ ನೆನಪನ್ನು ಕಾಪಾಡಿದವರು ಬಹುಮಟ್ಟಿಗೆ ಅವರೇ, ಅವರ ನಂತರ ಅವರ ಮಕ್ಕಳು ಮತ್ತು ಮೊಮ್ಮಕ್ಕಳು.

ನಿಷೇಧದ ಕಾನೂನುಗಳು

ಡೆನ್ಮಾರ್ಕ್ 1792ರಲ್ಲಿ ಹೊರಡಿಸಿದ ನಿಷೇಧಾಜ್ಞೆ 1803ರಲ್ಲಿ ಜಾರಿಗೆ ಬಂತು. ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಗೆ 1807ರ ಮಾರ್ಚ್ 25ರಂದು ಅಂಕಿತ ಬಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನ ಅದೇ ತಿಂಗಳು ಮಾಡಿದ ಕಾನೂನು 1808ರ ಜನವರಿ 1ರಿಂದ ಜಾರಿಯಾಯಿತು. ಇವು ನಿಷೇಧಿಸಿದ್ದು ಸಾಗಣೆಯನ್ನು, ಗುಲಾಮಗಿರಿಯನ್ನಲ್ಲ. ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರಾಗಿಯೇ ಉಳಿದರು. ಸ್ಪೇನ್ 1817ರ ಒಪ್ಪಂದದ ಪ್ರಕಾರ 1820ರಿಂದ ಸಾಗಣೆ ನಿಲ್ಲಿಸಲು ಒಪ್ಪಿತು. ಪೋರ್ಚುಗಲ್ ಮೊದಲು ಭೂಮಧ್ಯರೇಖೆಯ ಉತ್ತರಕ್ಕೆ ಮಾತ್ರ ನಿಷೇಧ ಒಪ್ಪಿಕೊಂಡು, ಪೂರ್ತಿ ನಿಷೇಧಕ್ಕೆ 1836ರವರೆಗೆ ಸಮಯ ತೆಗೆದುಕೊಂಡಿತು. ಬ್ರೆಜಿಲ್ 1831ರ ನವೆಂಬರ್ 7ರಂದು ಕಾನೂನು ಮಾಡಿ, ಇನ್ನು ಮುಂದೆ ದೇಶಕ್ಕೆ ತರಲಾಗುವ ಪ್ರತಿಯೊಬ್ಬ ಆಫ್ರಿಕನ್ನನೂ ಸ್ವತಂತ್ರನೆಂದು ಘೋಷಿಸಿತು. ಆ ಮೇಲೂ ಬ್ರೆಜಿಲ್ಲಿಗೆ ಏಳು ಲಕ್ಷಕ್ಕೂ ಹೆಚ್ಚು ಜನರನ್ನು ತರಲಾಯಿತು. ಸ್ಪೇನಿನ ಅಧೀನದಲ್ಲಿದ್ದ ಕ್ಯೂಬಾಕ್ಕೆ 1820ರ ನಂತರ ಬಂದವರ ಸಂಖ್ಯೆ ಐದು ಲಕ್ಷ ಮೀರುತ್ತದೆ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕ್ಯೂಬಾದ ಸಕ್ಕರೆಗೂ ಬ್ರೆಜಿಲ್ಲಿನ ಕಾಫಿಗೂ ಯುರೋಪು ಮತ್ತು ಉತ್ತರ ಅಮೆರಿಕದಲ್ಲಿ ಬೇಡಿಕೆ ಏರುತ್ತಲೇ ಇತ್ತು. ಸಾಗಣೆಯನ್ನು ತಡೆಯಲು ನೌಕಾಪಡೆ ಕಳಿಸಿದ ಬ್ರಿಟನ್ನೇ 1846ರಲ್ಲಿ ಸಕ್ಕರೆ ಸುಂಕವನ್ನು ಸಮಗೊಳಿಸುವ ಕಾಯ್ದೆ ತಂದು, ಗುಲಾಮರು ಬೆಳೆದ ಸಕ್ಕರೆಗೆ ತನ್ನ ಮಾರುಕಟ್ಟೆಯ ಬಾಗಿಲು ತೆರೆಯಿತು. ಆಫ್ರಿಕದ ಕರಾವಳಿಯಲ್ಲಿ ಜನರನ್ನು ಕೊಳ್ಳಲು ಬಳಕೆಯಾದ ಬಟ್ಟೆ, ಬಂದೂಕುಗಳಲ್ಲಿ ಬಹುಪಾಲು ಬ್ರಿಟಿಷ್ ಕಾರ್ಖಾನೆಗಳಲ್ಲಿ ತಯಾರಾದ ಸರಕು. ದಹೋಮಿಯಂಥ ಆಫ್ರಿಕನ್ ರಾಜ್ಯಗಳು ನೆರೆಯ ಊರುಗಳ ಮೇಲೆ ದಾಳಿ ಮಾಡಿ ಸೆರೆ ಹಿಡಿದವರನ್ನು ಮಾರುತ್ತಿದ್ದವು. ದಹೋಮಿಯ ಉಯಿದಾ ಬಂದರಿನಲ್ಲಿ ಬ್ರೆಜಿಲ್ ಮೂಲದ ಫ್ರಾನ್ಸಿಸ್ಕೊ ಫೆಲಿಕ್ಸ್ ಡಿ ಸೋಜಾ 1849ರಲ್ಲಿ ಸಾಯುವವರೆಗೂ ಈ ವ್ಯಾಪಾರದ ದೊಡ್ಡ ದಲ್ಲಾಳಿಯಾಗಿದ್ದ. ಲಾಭದಲ್ಲಿ ಪಾಲು ಪಡೆದವರು ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಇದ್ದರು.

ಬೆನ್ನಟ್ಟಿದವರು, ತಪ್ಪಿಸಿಕೊಂಡವರು

ಬ್ರಿಟಿಷ್ ನೌಕಾಪಡೆಯ ಪಶ್ಚಿಮ ಆಫ್ರಿಕ ದಳ 1808ರಲ್ಲಿ ಕೆಲಸ ಆರಂಭಿಸಿ, ಮುಂದಿನ ಐದು ದಶಕಗಳಲ್ಲಿ ಸುಮಾರು 1,600 ಹಡಗುಗಳನ್ನು ಹಿಡಿದು ಸುಮಾರು 1,50,000 ಜನರನ್ನು ಬಿಡಿಸಿತು. ಹಳದಿ ಜ್ವರ, ಮಲೇರಿಯಗಳಿಂದ ಆ ದಳದ ನಾವಿಕರೂ ನೂರಾರು ಸಂಖ್ಯೆಯಲ್ಲಿ ಸತ್ತರು. ಅವರ ಕೆಲಸ ಸಣ್ಣದಲ್ಲ. ಆದರೆ ಬಿಡುಗಡೆಯಾದವರು ಆ ಅವಧಿಯಲ್ಲಿ ಹಡಗು ಹತ್ತಿದವರ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಎಂಬುದನ್ನೂ ಜೊತೆಗೇ ಹೇಳಬೇಕು.

ಮೊದಮೊದಲು ಹಡಗಿನೊಳಗೆ ಮನುಷ್ಯರು ಸಿಕ್ಕರೆ ಮಾತ್ರ ಅದನ್ನು ಮುಟ್ಟುಗೋಲು ಹಾಕಬಹುದಿತ್ತು. ಬಿಡಿಸಿದ ತಲೆಯೊಂದಕ್ಕೆ ಇಷ್ಟು ಎಂದು ನಾವಿಕರಿಗೆ ಬಹುಮಾನವೂ ಇತ್ತು. ಖಾಲಿ ಹಡಗನ್ನು ತಡೆಯುವುದಕ್ಕಿಂತ ಜನ ತುಂಬಿದ ಮೇಲೆ ಹಿಡಿಯುವುದರಲ್ಲಿ ಲಾಭವಿದ್ದ ಈ ಏರ್ಪಾಡು ಆಗಲೇ ಟೀಕೆಗೆ ಗುರಿಯಾಗಿತ್ತು. ಸ್ಪೇನಿನೊಂದಿಗೆ 1835ರಲ್ಲಿ ಆದ ಒಪ್ಪಂದ ಇದನ್ನು ಬದಲಿಸಿತು. ಹಡಗಿನಲ್ಲಿ ಒಬ್ಬ ಬಂದಿಯೂ ಇಲ್ಲದಿದ್ದರೂ ಅದರ ಸಲಕರಣೆಗಳೇ ಸಾಕ್ಷಿ ಎಂದಾಯಿತು. ನಾವಿಕರ ಅಗತ್ಯಕ್ಕೆ ಮೀರಿದ ನೀರಿನ ಪೀಪಾಯಿಗಳು, ನೂರಾರು ಜನರಿಗೆ ಗಂಜಿ ಬೇಯಿಸುವಷ್ಟು ದೊಡ್ಡ ಹಂಡೆ, ಎರಡನೆಯ ಅಟ್ಟಣೆ ಹಾಕಲು ಕೊರೆದಿಟ್ಟ ಹಲಗೆಗಳು, ಮುಚ್ಚಳದ ಬದಲು ಜಾಲರಿ ಹಾಕಿದ ಕಂಡಿಗಳು, ಕೋಳ ಮತ್ತು ಸಂಕೋಲೆಗಳು: ಇವುಗಳಲ್ಲಿ ಯಾವುದು ಸಿಕ್ಕರೂ ಹಡಗನ್ನು ಹಿಡಿದು ಫ್ರೀಟೌನ್ ಅಥವಾ ಹವಾನಾದ ಜಂಟಿ ನ್ಯಾಯಮಂಡಳಿಯ ಮುಂದೆ ನಿಲ್ಲಿಸಬಹುದಿತ್ತು. ಹಡಗಿನ ಒಡಲಿನ ಆ ಕತ್ತಲಲ್ಲಿ ಬಂದಿಗಳು ಹೇಗೆ ಬದುಕಿರಬಹುದೆಂದು ತಿಳಿಯಬಯಸುವವರಿಗೆ ಈ ಪಟ್ಟಿಯೇ ಸಾಕಷ್ಟು ಹೇಳುತ್ತದೆ.

ಸಾಗಣೆದಾರರು ಇದಕ್ಕೂ ಉಪಾಯ ಕಂಡುಕೊಂಡರು. ಬಾಲ್ಟಿಮೋರ್ ಮಾದರಿಯ ವೇಗದ ಹಡಗುಗಳನ್ನು ಕೊಂಡರು, ಹಿಡಿದ ಹಡಗನ್ನು ಹರಾಜಿನಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ಕೊಂಡರು, ಎರಡು ಮೂರು ದೇಶಗಳ ಧ್ವಜ ಮತ್ತು ಕಾಗದಪತ್ರ ಇಟ್ಟುಕೊಂಡು ಬೇಕಾದಾಗ ಬೇಕಾದ್ದನ್ನು ತೋರಿಸಿದರು. ಅತಿ ಹೆಚ್ಚು ರಕ್ಷಣೆ ಕೊಟ್ಟದ್ದು ಅಮೆರಿಕದ ಧ್ವಜ. ತನ್ನ ಹಡಗುಗಳನ್ನು ಬ್ರಿಟಿಷರು ತಪಾಸಣೆ ಮಾಡಲು ಆ ದೇಶ 1862ರವರೆಗೆ ಒಪ್ಪಲಿಲ್ಲ. ಗುಲಾಮ ಸಾಗಣೆ ಕಡಲುಗಳ್ಳತನಕ್ಕೆ ಸಮ, ಅದಕ್ಕೆ ಮರಣದಂಡನೆ ಎಂದು 1820ರಲ್ಲೇ ಕಾನೂನು ಮಾಡಿದ್ದ ದೇಶವಿದು. 1850ರ ದಶಕದ ಕೊನೆಗೆ ಇಂಥ ಹಡಗುಗಳನ್ನು ಸಜ್ಜುಗೊಳಿಸುವ ಮುಖ್ಯ ಬಂದರುಗಳಲ್ಲಿ ನ್ಯೂಯಾರ್ಕ್ ಒಂದಾಗಿತ್ತು.

1820ರ ಆ ಕಾನೂನಿನಡಿ ಗಲ್ಲಿಗೇರಿದ್ದು ಒಬ್ಬನೇ ಒಬ್ಬ. ಮೇನ್ ರಾಜ್ಯದ ಪೋರ್ಟ್‌ಲೆಂಡಿನ ಕಪ್ತಾನ ನಥಾನಿಯಲ್ ಗಾರ್ಡನ್, ‘ಈರಿ’ ಎಂಬ ಹಡಗಿನಲ್ಲಿ 897 ಜನರನ್ನು ತುಂಬಿಕೊಂಡು ಕಾಂಗೊ ನದಿಮುಖದಿಂದ ಹೊರಟಿದ್ದಾಗ 1860ರ ಆಗಸ್ಟ್‌ನಲ್ಲಿ ಸಿಕ್ಕಿಬಿದ್ದ. ಕ್ಷಮಾದಾನದ ಮನವಿಯನ್ನು ಅಧ್ಯಕ್ಷ ಅಬ್ರಹಾಂ ಲಿಂಕನ್ ಒಪ್ಪಲಿಲ್ಲ. 1862ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ಗಲ್ಲು ಶಿಕ್ಷೆ ಜಾರಿಯಾಯಿತು. ಹತ್ತು ವರ್ಷ ಮೊದಲು, 1852ರಲ್ಲಿ, ಇದೇ ಗಾರ್ಡನ್ ‘ಕಮಾರ್ಗೊ’ ಎಂಬ ಹಡಗಿನಲ್ಲಿ ಮೊಜಾಂಬಿಕ್‌ನಿಂದ ಸುಮಾರು 500 ಜನರನ್ನು ತಂದು ರಿಯೊ ಡಿ ಜನೈರೊಗೆ ಪಶ್ಚಿಮದಲ್ಲಿರುವ ಬ್ರಾಕುಯಿ ತೀರದಲ್ಲಿ ಇಳಿಸಿ, ಹಡಗಿಗೆ ಬೆಂಕಿಯಿಟ್ಟು ಪಾರಾಗಿದ್ದ. ಬ್ರೆಜಿಲ್ 1850ರ ಸೆಪ್ಟೆಂಬರ್ 4ರ ಎವುಸೇಬಿಯೊ ಡಿ ಕೇಯ್ರೊಸ್ ಕಾನೂನಿನಿಂದ ಸಾಗಣೆಯನ್ನು ನಿಜವಾಗಿ ಹತ್ತಿಕ್ಕತೊಡಗಿದ ಮೇಲೆ ನಡೆದ ಕೊನೆಗಾಲದ ಸಾಗಣೆಗಳಲ್ಲಿ ಇದೂ ಒಂದು. ಕ್ಯೂಬಾದ ಕಡೆಗೆ ಮಾತ್ರ ಹಡಗುಗಳು 1860ರ ದಶಕದ ನಡುವಿನವರೆಗೂ ಓಡಾಡಿದವು.

ಮೊಜಾಂಬಿಕ್ ತೀರದ ಪ್ರಸ್ತಾಪ ಬಂದಾಗ ಕರ್ನಾಟಕದ ಓದುಗರಿಗೆ ಒಂದು ಮಾತು ಹೇಳಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗೋವಾಕ್ಕೆ ತಂದಿದ್ದರು. ಅದು ಹಿಂದೂ ಮಹಾಸಾಗರದ ವ್ಯಾಪಾರ, ಇಲ್ಲಿ ಹೇಳುತ್ತಿರುವುದಕ್ಕಿಂತ ಬೇರೆಯದು. ಆದರೆ ಪೋರ್ಚುಗೀಸರ ಹಿಡಿತದಲ್ಲಿದ್ದ ಅದೇ ಮೊಜಾಂಬಿಕ್ ಕರಾವಳಿಯಿಂದ ಕೆಲವು ಹಡಗುಗಳು ಪೂರ್ವಕ್ಕೆ ಗೋವಾ, ದೀವ್‌ಗಳಿಗೂ ಇನ್ನು ಕೆಲವು ಪಶ್ಚಿಮಕ್ಕೆ ಬ್ರೆಜಿಲ್ಲಿಗೂ ಹೊರಡುತ್ತಿದ್ದವು.

ಬಿಡುಗಡೆ ಎಂಬ ಸ್ಥಿತಿ

ಹಿಡಿದ ಹಡಗಿನಿಂದ ಇಳಿದವರು ತಮ್ಮ ಊರಿಗೆ ಮರಳಿದ್ದು ಅಪರೂಪ. ಸಿಯೆರಾ ಲಿಯೋನಿನ ಫ್ರೀಟೌನ್‌ನಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ ಕ್ರಮಸಂಖ್ಯೆ, ಹೆಸರು, ವಯಸ್ಸು, ಎತ್ತರ, ಮೈಮೇಲಿನ ಕಚ್ಚುಗುರುತುಗಳನ್ನು ದೊಡ್ಡ ವಹಿಗಳಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಕೆಲವರನ್ನು ಸೈನ್ಯಕ್ಕೆ, ಕೆಲವರನ್ನು ವರ್ಷಗಟ್ಟಲೆ ಜೀತದಂಥ ತರಬೇತಿ ದುಡಿಮೆಗೆ, ಮತ್ತೆ ಕೆಲವರನ್ನು ವೆಸ್ಟ್ ಇಂಡೀಸಿನ ತೋಟಗಳಿಗೆ ಕಳಿಸುತ್ತಿದ್ದರು. ಹವಾನಾ ಮತ್ತು ರಿಯೊಗಳಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ಕಾಗದದಲ್ಲಿ ಸ್ವತಂತ್ರರಾದವರನ್ನು ಸರ್ಕಾರವೇ ಗುತ್ತಿಗೆ ಕೊಟ್ಟು ಗುಲಾಮರ ಹಾಗೆ ದುಡಿಸಿತು.

ಹೀಗಿದ್ದೂ ಫ್ರೀಟೌನಿನ ವಹಿಗಳು ಮತ್ತು ಹವಾನಾದ ನ್ಯಾಯಮಂಡಳಿಯ ದಾಖಲೆಗಳು ಇಂದು ಅಮೂಲ್ಯವಾಗಿವೆ. ಸಾಗಣೆಯ ಮೂರೂವರೆ ಶತಮಾನಗಳಲ್ಲಿ ಬಂದಿಗಳ ಸ್ವಂತ ಆಫ್ರಿಕನ್ ಹೆಸರುಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ದಾಖಲಾಗಿರುವುದು ಇಲ್ಲಿಯೇ. ಸುಮಾರು 91,000 ಜನರ ವಿವರಗಳನ್ನು ಇತಿಹಾಸಕಾರರು ಈಗ ಗಣಕ ಕೋಶವೊಂದರಲ್ಲಿ ಸೇರಿಸಿದ್ದಾರೆ. ಹೆಸರಿನ ಆಧಾರದಿಂದ ಅವರ ಭಾಷೆ ಮತ್ತು ಸೀಮೆಯನ್ನು ಗುರುತಿಸುವ ಕೆಲಸ ಮುಂದುವರಿದಿದೆ. ಸಿಕ್ಕಿಬಿದ್ದ ಹಡಗಿನವರ ಹೆಸರು ಉಳಿಯಿತು. ಸಿಕ್ಕದೆ ದಡ ಸೇರಿದ ಹಡಗಿನವರಿಗೆ ಯಜಮಾನನಿಟ್ಟ ಹೆಸರೇ ಗತಿಯಾಯಿತು. ನೆನಪಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅಸಮಾನತೆ ಇನ್ನೊಂದಿಲ್ಲ.

ಆ ವಹಿಗಳ ಜನರಲ್ಲಿ ಕೆಲವರು ತಾವೇ ಇತಿಹಾಸ ಕಟ್ಟಿದರು. ಯೊರುಬಾ ಸೀಮೆಯ ಒಸೊಗುನ್ ಊರಿನ ಹುಡುಗ ಅಜಾಯಿಯನ್ನು 1821ರಲ್ಲಿ ದಾಳಿಕೋರರು ಹಿಡಿದು ಮಾರಿದರು. 1822ರ ಏಪ್ರಿಲ್‌ನಲ್ಲಿ ‘ಮಿರ್ಮಿಡನ್’ ಎಂಬ ಬ್ರಿಟಿಷ್ ಹಡಗು ಅವನಿದ್ದ ಪೋರ್ಚುಗೀಸ್ ಹಡಗನ್ನು ತಡೆದು ಅವನನ್ನು ಫ್ರೀಟೌನಿಗೆ ತಂದಿತು. ಮುಂದೆ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಎಂದು ಹೆಸರಾದ ಅವರು ಯೊರುಬಾ ಶಬ್ದಕೋಶ ರಚಿಸಿದರು, ಬೈಬಲನ್ನು ಆ ಭಾಷೆಗೆ ತರುವ ಕೆಲಸದ ಮುಂದಾಳಾದರು, 1864ರಲ್ಲಿ ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್ ಆದರು. ಜರ್ಮನ್ ಪಾದ್ರಿ ಸಿಗಿಸ್ಮಂಡ್ ಕೋಲೆ 1854ರಲ್ಲಿ ಪ್ರಕಟಿಸಿದ ‘ಪಾಲಿಗ್ಲಾಟಾ ಆಫ್ರಿಕಾನಾ’ ನೂರಕ್ಕೂ ಹೆಚ್ಚು ಆಫ್ರಿಕನ್ ಭಾಷೆಗಳ ಪದಸಂಗ್ರಹ. ಅದರ ಹೆಚ್ಚಿನ ಪದಗಳನ್ನು ಅವನಿಗೆ ಹೇಳಿಕೊಟ್ಟವರು ಫ್ರೀಟೌನ್ ಸುತ್ತಲಿನ ಹಳ್ಳಿಗಳಲ್ಲಿ ನೆಲೆಸಿದ್ದ ಈ ಬಿಡುಗಡೆಯಾದ ಜನರೇ.

1839ರ ‘ಅಮಿಸ್ಟಾಡ್’ ಪ್ರಕರಣ ಹೆಚ್ಚು ಪ್ರಸಿದ್ಧ. ಅಕ್ರಮವಾಗಿ ಹವಾನಾಕ್ಕೆ ತಂದಿದ್ದ 53 ಜನ, ಮೆಂಡೆ ಸಮುದಾಯದ ಸೆಂಗ್ಬೆ ಪಿಯೆಯ ನಾಯಕತ್ವದಲ್ಲಿ ತಮ್ಮನ್ನು ಒಯ್ಯುತ್ತಿದ್ದ ಹಡಗನ್ನು ವಶಪಡಿಸಿಕೊಂಡರು. ಹಡಗು ಅಮೆರಿಕದ ನೌಕಾಪಡೆಯ ಕೈಸೇರಿ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅವರ ಪರ ವಾದಿಸಿದರು. 1841ರ ಮಾರ್ಚ್‌ನಲ್ಲಿ ಅವರೆಲ್ಲ ಸ್ವತಂತ್ರರೆಂದು ತೀರ್ಪು ಬಂತು. ಬದುಕುಳಿದ 35 ಜನ ಸಿಯೆರಾ ಲಿಯೋನಿಗೆ ಮರಳಿದರು.

ಬ್ರೆಜಿಲ್ಲಿನಲ್ಲಿ ನ್ಯಾಯಾಲಯದ ಹೋರಾಟ ನಡೆಸಿದ ಲೂಯಿಸ್ ಗಾಮಾ (1830–1882) ಹೆಸರು ನಮ್ಮಲ್ಲಿ ಅಷ್ಟು ಕೇಳಿಬರುವುದಿಲ್ಲ, ಬರಬೇಕು. ಸ್ವತಂತ್ರ ಆಫ್ರಿಕನ್ ತಾಯಿಗೆ ಸಾಲ್ವಡಾರ್‌ನಲ್ಲಿ ಹುಟ್ಟಿದ ಅವರನ್ನು ಹತ್ತನೆಯ ವಯಸ್ಸಿನಲ್ಲಿ ತಂದೆಯೇ ಮಾರಿಬಿಟ್ಟ. ಹದಿನೇಳರಲ್ಲಿ ಅಕ್ಷರ ಕಲಿತು, ತಾನು ಹುಟ್ಟಿನಿಂದ ಸ್ವತಂತ್ರನೆಂದು ಸಾಧಿಸಿ ಹೊರಬಂದರು. ಪದವಿಯಿಲ್ಲದೆಯೇ ಸಾವೊ ಪಾಲೊ ನ್ಯಾಯಾಲಯಗಳಲ್ಲಿ ವಾದಿಸತೊಡಗಿದರು. ಅವರ ಮುಖ್ಯ ಅಸ್ತ್ರ 1831ರ ಕಾನೂನು. ಆ ವರ್ಷದ ನಂತರ ಬಂದಿಳಿದ ಪ್ರತಿಯೊಬ್ಬರೂ ಸ್ವತಂತ್ರರೆಂದು ದೇಶದ ಕಾನೂನೇ ಹೇಳುತ್ತದೆ. ಹಾಗಾದರೆ ಅವರನ್ನು ಇಟ್ಟುಕೊಂಡ ಯಜಮಾನರು ಸ್ವತಂತ್ರ ಪ್ರಜೆಗಳನ್ನು ಅಪಹರಿಸಿದವರು. ಈ ವಾದ ಮುಂದಿಟ್ಟು ಅವರು 500ಕ್ಕೂ ಹೆಚ್ಚು ಜನರನ್ನು ಬಿಡಿಸಿದರು. ಬ್ರೆಜಿಲ್ಲಿನ ವಕೀಲರ ಪರಿಷತ್ತು ಅವರನ್ನು ವಕೀಲರೆಂದು ಮಾನ್ಯ ಮಾಡಿದ್ದು 2015ರಲ್ಲಿ.

ನೆಲ, ನೀರು, ನೆನಪು

ಈ ಜನರ ಸ್ಮಾರಕಗಳಲ್ಲಿ ಕೆಲವು ಯೋಜಿಸಿ ಕಟ್ಟಿದವು, ಇನ್ನು ಕೆಲವು ಬೇರೇನೋ ಅಗೆಯುವಾಗ ಸಿಕ್ಕವು. ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪವನ್ನು ಜಗತ್ತು ನೆಪೋಲಿಯನ್ನನ ಕೊನೆಯ ಸೆರೆಮನೆಯಾಗಿ ಬಲ್ಲದು. 1840ರಿಂದ ಆ ದ್ವೀಪಕ್ಕೆ ಹಿಡಿದ ಹಡಗುಗಳಿಂದ ಸುಮಾರು 27,000 ಆಫ್ರಿಕನ್ನರನ್ನು ತರಲಾಯಿತು. ರೋಗ ಮತ್ತು ನಿತ್ರಾಣದಿಂದ ಅವರಲ್ಲಿ ಸುಮಾರು 8,000 ಜನ ಅಲ್ಲಿಯೇ ಸತ್ತರು. ವಿಮಾನ ನಿಲ್ದಾಣದ ರಸ್ತೆಗಾಗಿ 2008ರಲ್ಲಿ ರೂಪರ್ಟ್ಸ್ ಕಣಿವೆಯನ್ನು ಅಗೆದಾಗ 325 ಜನರ ಅಸ್ಥಿಗಳು ಹೊರಬಂದವು. ಬಹುತೇಕರು ಮಕ್ಕಳು ಮತ್ತು ಎಳೆಯ ಪ್ರಾಯದವರು. ಕೆಲವರ ಮೈಮೇಲೆ ಮಣಿಸರ, ಬಳೆಗಳು ಹಾಗೆಯೇ ಇದ್ದವು, ಸಾಗಣೆದಾರರು ಕಟ್ಟಿದ ಲೋಹದ ಬಿಲ್ಲೆಗಳೂ ಇದ್ದವು. ಅಸ್ಥಿಗಳನ್ನು ಮತ್ತೆ ಮಣ್ಣು ಮಾಡಿದ್ದು 2022ರಲ್ಲಿ, ಹದಿನಾಲ್ಕು ವರ್ಷ ಉಗ್ರಾಣದಲ್ಲಿ ಇಟ್ಟ ಮೇಲೆ. ಸತ್ತವರಿಗೆ ಇಷ್ಟು ಕಾಲ ನೆಲ ಸಿಗದೇ ಹೋದದ್ದು ನೋವಿನ ಸಂಗತಿ.

ರಿಯೊ ನಗರದಲ್ಲಿ 1811ರಲ್ಲಿ ಕಟ್ಟಿದ ವಲೊಂಗೊ ಧಕ್ಕೆಯಲ್ಲಿ ಸುಮಾರು ಒಂಬತ್ತು ಲಕ್ಷ ಜನ ಇಳಿದರೆಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರು 1831ರ ನಿಷೇಧಕ್ಕೆ ಮುಂಚಿನವರು. ನಿಷೇಧದ ಮೇಲೆ ಸಾಗಣೆ ದೂರದ ತೀರಗಳಿಗೆ ಜಾರಿತು. 1843ರಲ್ಲಿ ಸಾಮ್ರಾಜ್ಞಿ ತೆರೇಸಾ ಕ್ರಿಸ್ಟಿನಾ ಬಂದಿಳಿಯಲೆಂದು ಆ ಕಲ್ಲುಹಾಸಿನ ಮೇಲೆ ಇನ್ನೊಂದು ಧಕ್ಕೆ ಕಟ್ಟಿ ಹಳೆಯದನ್ನು ಮುಚ್ಚಿದರು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನೂ ಮುಚ್ಚಿದರು. ಬಂದರು ಪ್ರದೇಶದ ನವೀಕರಣ ನಡೆಯುವಾಗ 2011ರಲ್ಲಿ ಕಲ್ಲುಗಳು ಮತ್ತೆ ಕಂಡವು. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಳಿದ ಕೂಡಲೇ ಸತ್ತವರನ್ನು ಎಸೆದು ಹೂಳುತ್ತಿದ್ದ ಹತ್ತಿರದ ಸ್ಮಶಾನ 1996ರಲ್ಲಿ ಕುಟುಂಬವೊಂದು ಮನೆ ದುರಸ್ತಿ ಮಾಡಿಸುವಾಗ ಪತ್ತೆಯಾಯಿತು. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ. ಫ್ಲಾರಿಡಾದ ಕೀ ವೆಸ್ಟ್‌ನಲ್ಲಿಯೂ ಇಂಥದೇ ಸ್ಮಶಾನವಿದೆ. 1860ರಲ್ಲಿ ಮೂರು ಹಡಗುಗಳಿಂದ ಬಿಡಿಸಿ ತಂದ 1,432 ಜನರಲ್ಲಿ ಅಲ್ಲಿ ಸತ್ತ ಸುಮಾರು 295 ಮಂದಿಯ ಗೋರಿಗಳನ್ನು 2002ರಲ್ಲಿ ನೆಲದೊಳಗೆ ರೇಡಾರ್ ಹಾಯಿಸಿ ಗುರುತಿಸಲಾಯಿತು.

ಬ್ರಾಕುಯಿಯ ನೆನಪು ಉಳಿದದ್ದು ಬೇರೆ ಬಗೆಯಲ್ಲಿ. ಅಲ್ಲಿನ ಗುಲಾಮರ ವಂಶಜರು ತಮ್ಮ ಕೊಲ್ಲಿಯಲ್ಲಿ ಹಡಗೊಂದು ಮುಳುಗಿದೆ ಎಂದು ತಲೆಮಾರುಗಳಿಂದ ಹೇಳುತ್ತ ಬಂದರು. ಇತ್ತೀಚಿನ ವರ್ಷಗಳಲ್ಲಿ ನೀರಿನಡಿಯ ಪುರಾತತ್ತ್ವಜ್ಞರು ಆ ಮಾತನ್ನೇ ಜಾಡು ಹಿಡಿದು ‘ಕಮಾರ್ಗೊ’ವನ್ನು ಹುಡುಕಲು ಇಳಿದರು.

ಮಾರ್ಟಿನೀಕ್ ದ್ವೀಪದ ಆನ್ಸ್ ಕಫಾರ್ ತೀರದಲ್ಲಿ 1830ರ ಏಪ್ರಿಲ್ 8ರ ರಾತ್ರಿ ಕಳ್ಳಸಾಗಣೆಯ ಹಡಗೊಂದು ಬಂಡೆಗೆ ಅಪ್ಪಳಿಸಿ ಒಡೆಯಿತು. ಬದುಕಿದ ಬಂದಿಗಳು 86. ಅಕ್ರಮವಾಗಿ ತಂದವರಾದ್ದರಿಂದ ಅವರು ಗುಲಾಮರಲ್ಲ, ಗುಲಾಮಗಿರಿಯ ವಸಾಹತಿನಲ್ಲಿ ಸ್ವತಂತ್ರರಾಗಿ ಇರಗೊಡಲೂ ಆಡಳಿತಕ್ಕೆ ಮನಸ್ಸಿರಲಿಲ್ಲ. ಅವರನ್ನು ಫ್ರೆಂಚ್ ಗಯಾನಾದ ಕಯೆನ್‌ಗೆ ಸಾಗಹಾಕಿತು. ಹಡಗು ಒಡೆದ ಆನ್ಸ್ ಕಫಾರ್‌ನಲ್ಲಿ 1998ರಲ್ಲಿ ಶಿಲ್ಪಿ ಲಾರಾಂ ವಲೇರ್ ನಿಲ್ಲಿಸಿದ ‘ಕ್ಯಾಪ್ 110’ ಸ್ಮಾರಕದಲ್ಲಿ ಹದಿನೈದು ಬಿಳಿ ಆಕೃತಿಗಳಿವೆ, ಆಳೆತ್ತರಕ್ಕಿಂತ ಎತ್ತರ. ಹೆಗಲು ಇಳಿಬಿಟ್ಟು, ತಲೆ ಬಾಗಿಸಿ, ತ್ರಿಕೋನಾಕಾರದಲ್ಲಿ ನಿಂತು ಅವು ಕಡಲಿನತ್ತ ನೋಡುತ್ತವೆ. ಮುಖ ಮಾಡಿರುವುದು ದಿಕ್ಸೂಚಿಯ 110 ಡಿಗ್ರಿಗೆ, ಗಿನಿ ಕೊಲ್ಲಿಯ ಕಡೆಗೆ. ಸತ್ತವರ ಹೆಸರಾಗಲಿ ಹಡಗಿನ ನಿಜವಾದ ಗುರುತಾಗಲಿ ಉಳಿಯದ ದುರಂತಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಸ್ಮಾರಕವನ್ನು ಕಲ್ಪಿಸಿಕೊಳ್ಳುವುದು ಕಷ್ಟ.

‘ಕ್ಲೊಟಿಲ್ಡಾ’ ಮತ್ತು ಆಫ್ರಿಕಾಟೌನ್

ಆಫ್ರಿಕದಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಬಂದಿಗಳನ್ನು ತಂದ ಕೊನೆಯ ಹಡಗು ‘ಕ್ಲೊಟಿಲ್ಡಾ’. ಆಲಬಾಮಾದ ಶ್ರೀಮಂತ ಟಿಮೊತಿ ಮೇಹರ್ ಇದರ ಹಿಂದಿದ್ದವನು. ಕಪ್ತಾನ ವಿಲಿಯಂ ಫಾಸ್ಟರ್ ಚಿನ್ನದ ನಾಣ್ಯ ಹೊತ್ತು ಉಯಿದಾಕ್ಕೆ ಹೋಗಿ, ಸುಮಾರು 110 ಜನರನ್ನು ತುಂಬಿಕೊಂಡು 1860ರ ಜುಲೈನಲ್ಲಿ ಮೊಬೀಲ್ ಕೊಲ್ಲಿಗೆ ಬಂದ. ಜನರನ್ನು ಇಳಿಸಿದ ಮೇಲೆ ಹಡಗಿಗೆ ಬೆಂಕಿ ಹಚ್ಚಿ ಮುಳುಗಿಸಿದರು. ಮೊಕದ್ದಮೆ ಹೂಡಿದ್ದರೂ ಯಾರೂ ಜೈಲಿಗೆ ಹೋಗಲಿಲ್ಲ.

1865ರಲ್ಲಿ ಗುಲಾಮಗಿರಿ ಕೊನೆಗೊಂಡಾಗ ಈ ಜನ ಮೊದಲು ಬಯಸಿದ್ದು ಊರಿಗೆ ಮರಳುವುದನ್ನು. ಹಣವಿರಲಿಲ್ಲ. ತಮ್ಮನ್ನು ತಂದವನೇ ತುಂಡು ಭೂಮಿ ಕೊಡಲಿ ಎಂದು ಕೇಳಿದರು, ಮೇಹರ್ ಕೊಡಲಿಲ್ಲ. ಕೂಲಿ ಮಾಡಿ, ತರಕಾರಿ ಮಾರಿ, ಉಳಿಸಿದ ಕಾಸಿನಿಂದ ನೆಲ ಕೊಂಡು ಆಫ್ರಿಕಾಟೌನ್ ಎಂಬ ಊರು ಕಟ್ಟಿದರು; ತಮ್ಮದೇ ಹಿರಿಯರನ್ನು ಆರಿಸಿಕೊಂಡರು, ಚರ್ಚು ಮತ್ತು ಶಾಲೆ ಕಟ್ಟಿದರು. ಅವರಲ್ಲೊಬ್ಬರು ಒಲುವಾಲೆ ಕೊಸೊಲಾ, ಅಮೆರಿಕದಲ್ಲಿ ಕಜೋ ಲೂಯಿಸ್. ದಹೋಮಿಯ ಸೈನ್ಯ ತಮ್ಮ ಊರಿನ ಮೇಲೆ ಬೆಳಗಿನ ಜಾವ ಎರಗಿದಾಗ ಅವರಿಗೆ ಸುಮಾರು 19 ವರ್ಷ. ರೈಲು ಡಿಕ್ಕಿ ಹೊಡೆದು ದುಡಿಯುವ ಶಕ್ತಿ ಕುಂದಿದ ಮೇಲೆ ಅವರು ಚರ್ಚಿನ ಗಂಟೆ ಬಾರಿಸುವ ಕೆಲಸ ಮಾಡಿದರು. ಹೆಂಡತಿಯನ್ನೂ ಆರು ಮಕ್ಕಳನ್ನೂ ಕಳೆದುಕೊಂಡರು. 1920ರ ದಶಕದ ಕೊನೆಯಲ್ಲಿ ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರ ಮನೆಯ ಜಗಲಿಯಲ್ಲಿ ಕೂತು ಕಥೆ ಕೇಳಿಕೊಂಡರು. ಕೊಸೊಲಾ ಮಾತಾಡಿದ ರೀತಿಯಲ್ಲೇ ಬರೆದ ಆ ಪುಸ್ತಕ ‘ಬ್ಯಾರಕೂನ್’ಗೆ ಪ್ರಕಾಶಕರು ಸಿಗದೆ, ಅದು ಅಚ್ಚಾದದ್ದು 2018ರಲ್ಲಿ. ಕೊಸೊಲಾ 1935ರಲ್ಲೇ ತೀರಿಕೊಂಡಿದ್ದರು.

ಹಡಗಿನ ಕಥೆ ಕಟ್ಟುಕಥೆ ಎಂದು ಹೊರಗಿನವರು ಬಹುಕಾಲ ಅನುಮಾನಿಸಿದರು. 2019ರ ಮೇ ತಿಂಗಳಲ್ಲಿ ಆಲಬಾಮಾ ಐತಿಹಾಸಿಕ ಆಯೋಗ ಮೊಬೀಲ್ ನದಿಯ ಕೆಸರಿನಲ್ಲಿದ್ದ ಅವಶೇಷ ‘ಕ್ಲೊಟಿಲ್ಡಾ’ದ್ದೇ ಎಂದು ಪ್ರಕಟಿಸಿತು. 2023ರಲ್ಲಿ ಆಫ್ರಿಕಾಟೌನಿನಲ್ಲಿ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ಕಾಗದದ ಕಾರ್ಖಾನೆಗಳ ಹೊಗೆ, ಹೆದ್ದಾರಿಗಳ ನಡುವೆ ಊರು ಕುಗ್ಗುತ್ತ ಬಂದರೂ ಮೂಲ ಕುಟುಂಬಗಳ ವಂಶಜರು ಇನ್ನೂ ಅಲ್ಲಿದ್ದಾರೆ.

ಪರಿಹಾರದ ಪ್ರಶ್ನೆ

ಯುನೆಸ್ಕೊ ಆಗಸ್ಟ್ 23ನ್ನೂ ವಿಶ್ವಸಂಸ್ಥೆ ಮಾರ್ಚ್ 25ನ್ನೂ ಗುಲಾಮ ವ್ಯಾಪಾರದ ಸ್ಮರಣೆಗೆ ಮೀಸಲಿಟ್ಟಿವೆ. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಆವರಣದಲ್ಲಿ ವಾಸ್ತುಶಿಲ್ಪಿ ರಾಡ್ನಿ ಲಿಯಾನ್ ರೂಪಿಸಿದ ಸ್ಮಾರಕ 2015ರಿಂದ ಇದೆ. ಕೆರಿಬಿಯನ್ ದೇಶಗಳು 2013ರಲ್ಲಿ ಪರಿಹಾರ ಆಯೋಗ ರಚಿಸಿ ಹಳೆಯ ವಸಾಹತು ದೊರೆಗಳಿಂದ ಕ್ಷಮೆ ಮತ್ತು ಪರಿಹಾರ ಕೇಳುತ್ತಿವೆ. ಅವರ ಬೇಡಿಕೆ ನ್ಯಾಯವಾದದ್ದು. 1833ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ ಬ್ರಿಟನ್ 2 ಕೋಟಿ ಪೌಂಡ್ ಪರಿಹಾರವನ್ನು ಯಜಮಾನರಿಗೆ ಕೊಟ್ಟಿತು, ದುಡಿದವರಿಗೆ ಏನೂ ಕೊಡಲಿಲ್ಲ. ಅದಕ್ಕಾಗಿ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ.

‘ಕ್ಲೊಟಿಲ್ಡಾ’ದಲ್ಲಿ ತಾಯಿಯೊಂದಿಗೆ ಬಂದ ಸುಮಾರು ಎರಡು ವರ್ಷದ ಕೂಸು ಮಟಿಲ್ಡಾ ಮೆಕ್ರಿಯರ್. ಅಟ್ಲಾಂಟಿಕ್ ಸಾಗಣೆಯಿಂದ ಬದುಕುಳಿದವರಲ್ಲಿ ಇದುವರೆಗೆ ತಿಳಿದಂತೆ ಅವರೇ ಕೊನೆಯವರು. 1931ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ತಮ್ಮ ಹಳ್ಳಿಯಿಂದ ಹದಿನೈದು ಮೈಲಿ ನಡೆದು ಆಲಬಾಮಾದ ಸೆಲ್ಮಾ ನ್ಯಾಯಾಲಯಕ್ಕೆ ಹೋಗಿ, ತಮ್ಮನ್ನು ಅಕ್ರಮವಾಗಿ ಈ ದೇಶಕ್ಕೆ ತಂದದ್ದಕ್ಕೆ ಪರಿಹಾರ ಬೇಕೆಂದು ಕೇಳಿದರು. ನ್ಯಾಯಾಧೀಶರು ಕೋರಿಕೆಯನ್ನು ತಳ್ಳಿಹಾಕಿದರು. 1940ರ ಜನವರಿಯಲ್ಲಿ ಅವರು ಸೆಲ್ಮಾದಲ್ಲಿ ನಿಧನರಾದರು.